ಹುರಿಯೋ ಡ್ರಮ್ಮಿಗೆ ಮ್ಯಾಗ್ನೆಟ್ ಗ್ರಿಲ್ ಹಾಕಿಸೋರು ದಯವಿಟ್ಟು ಇದನ್ನ ಓದಿ

ರಾಗಿ ಮಾಲ್ಟು, ಹುರಿಹಿಟ್ಟು, ಸಾಂಬಾರ್ ಪುಡಿ ಅಂತ ಮನೇಲೇ ಮಾಡಿ ಮಾರೋರು ಈಗ ಒಂದೊಂದು ಊರಲ್ಲೂ ಇದೀವಿ, ಎಲ್ಲರ ಹತ್ರನೂ ಒಂದಲ್ಲ ಒಂದಿನ ಯಾರಾದ್ರೂ ಬಂದು ಮ್ಯಾಗ್ನೆಟ್ ಗ್ರಿಲ್ (ಕಾಳಲ್ಲಿರೋ ಕಬ್ಬಿಣದ ಚೂರು ಹಿಡಿಯೋ ಮ್ಯಾಗ್ನೆಟ್ ರಾಡುಗಳ ಚೌಕಟ್ಟು) ಹಾಕಿಸ್ಕೊಳಿ ಅಂತ ಹೇಳೇ ಹೇಳ್ತಾರೆ. ಹಾಕಿಸ್ಕೊಳಿ, ಬೇಕಾಗಿರೋ ಸಾಮಾನೇ ಅದು. ಆದ್ರೆ "ಎನ್ 52, 12000 ಗಾಸ್, ಲೈಫ್‌ಟೈಮ್ ಪವರ್" ಅಂತ (ಎನ್ 52 ಅಂದ್ರೆ ಮ್ಯಾಗ್ನೆಟ್ ಗ್ರೇಡು, ಗಾಸ್ ಅಂದ್ರೆ ಅದ್ರ ಬಲದ ಅಳತೆ) ಒಂದೇ ಉಸಿರಿಗೆ ಹೇಳಿ ಮಾರೋರ ಹತ್ರ ಬಿಸಿ ಕಾಳು ಬೀಳೋ ಜಾಗಕ್ಕೆ ಅಂತ ಮಾತ್ರ ತಗೋಬೇಡಿ. ನಮಗೆ ಹದಿನೆಂಟು ಸಾವಿರ ಹೋಯ್ತು. ಅದು ಹೋದ್ರೆ ಹೋಗ್ಲಿ, ಮಕ್ಕಳು ಕುಡಿಯೋ ಮಾಲ್ಟಿಗೆ ಕಬ್ಬಿಣ ಸೇರೋದ್ರಲ್ಲಿತ್ತು, ಸ್ವಲ್ಪದ್ರಲ್ಲಿ ತಪ್ತು.

ನಮ್ಮದು ತುಮಕೂರು ಕಡೆ. ರಾಗಿ ಮೊಳಕೆ ಕಟ್ಟಿ, ಒಣಗ್ಸಿ, ಡ್ರಮ್ಮಲ್ಲಿ ಹುರಿದು, ಅಗಲ ತಟ್ಟೆಲಿ ಹರಡಿ ಆರಿಸಿ ಆಮೇಲೆ ಹಿಟ್ಟು ಮಾಡೋ ಮಷೀನು, ಅಂದ್ರೆ ಪಲ್ವರೈಸರ್‌ಗೆ ಹಾಕ್ತೀವಿ. ಕಲ್ಲು ಡಿಸ್ಟೋನರಲ್ಲೇ ಹೋಗತ್ತೆ, ಸಣ್ಣ ಸಣ್ಣ ಕಬ್ಬಿಣದ ಚೂರುಗಳು ಅದ್ರಲ್ಲೂ ತಪ್ಪಿಸ್ಕೊಂಡು ಬರ್ತವೆ, ಒಕ್ಕಣೆ ಮಷೀನಿಂದ ಉದುರಿದ ತಂತಿ, ತುಕ್ಕು ಹಿಡಿದ ಚಿಕ್ಕ ಮೊಳೆ, ಚೀಲ ಹೊಲಿಯೋ ದಬ್ಬಳದ ಮುರಿದ ತುದಿ, ಏನೇನೋ. ಅದಕ್ಕೇ ಮ್ಯಾಗ್ನೆಟ್ ಬೇಕಾಗಿದ್ದು.

ಮಾರೋಕೆ ಬಂದವರು ಐದು ರಾಡಿನ ಗ್ರಿಲ್ ತಂದಿದ್ರು, ನೋಡೋಕೆ ಚೆನ್ನಾಗಿತ್ತು, ಪಳಪಳ ಸ್ಟೀಲು. ನಮ್ಮ ಸ್ಪ್ಯಾನರ್‌ನೇ ಇಸ್ಕೊಂಡು ರಾಡಿಗೆ ಅಂಟಿಸಿ ನಮ್ಮನೆಯವರ ಕೈಲಿ ಎಳೀರಿ ಅಂದ್ರು, ಅವರು ಕಾಲು ಕೊಟ್ಟು ಎಳೆದ್ರೂ ಬರ್ಲಿಲ್ಲ. ನಾನು ಕೇಳ್ದೆ, ಹುರಿದ ರಾಗಿ ಸುಡ್ತಾ ಇರತ್ತೆ ಸರ್, ಮ್ಯಾಗ್ನೆಟ್‌ಗೆ ಏನೂ ಆಗಲ್ವಾ ಅಂತ. "ಕಬ್ಬಿಣ ಕರಗೋವರ್ಗೂ ಇದಕ್ಕೇನೂ ಆಗಲ್ಲ ಮೇಡಂ, ನೀವು ಡ್ರಮ್ ಬಾಯಿಗೇ ಹಾಕ್ಸಿ, ಅಲ್ಲೇ ಚೆನ್ನಾಗಿ ಹಿಡಿಯತ್ತೆ" ಅಂದ್ರು. ಅವರೇ ನಿಂತು ಬ್ರಾಕೆಟ್ ವೆಲ್ಡ್ ಮಾಡ್ಸಿ ಕೂರಿಸಿ ಹೋದ್ರು.

ಮೊದಮೊದಲು ಸಂಜೆ ಬಟ್ಟೇಲಿ ಒರೆಸಿದ್ರೆ ರಾಡಿನ ಮೇಲೆ ಕಪ್ಪು ಕೂದಲು ಮೊಳೆತ ಹಾಗೆ ಕಬ್ಬಿಣದ ಪುಡಿ ನಿಂತಿರ್ತಿತ್ತು. ಬರ್ತಾ ಬರ್ತಾ ಕಡಿಮೆ ಆಯ್ತು, ಈ ಸಲದ ಲೋಡು ಕ್ಲೀನಾಗಿದೆ ಅಂತ ಎಲ್ರೂ ಮಾತಾಡ್ಕೊಂಡ್ವಿ. ಒಂದಿನ ಪಲ್ವರೈಸರ್ ಒಳಗೆ ಟಣ್ ಅಂತ ಶಬ್ದ ಬಂತು, ಆಫ್ ಮಾಡಿ ಬಾಗಿಲು ತೆಗೆದ್ರೆ ದಬ್ಬಳದ ತುದಿ ಕೊಕ್ಕೆ ಹಾಗೆ ಬಗ್ಗಿಹೋಗಿ ಜಾಲರಿಗೆ ಸಿಕ್ಕಾಕ್ಕೊಂಡಿದೆ, ಜಾಲರಿ ಹೆಬ್ಬೆರಳಷ್ಟು ಅಗಲ ಹರಿದಿದೆ, ಹರಿದ ಕಡೆಯ ಚೂರುಗಳು ಕಾಣ್ತಾ ಇಲ್ಲ ಅಂದ್ರೆ ಹಿಟ್ಟಲ್ಲೇ ಇರ್ಬೇಕು. ಅವತ್ತಿನ ಹಿಟ್ಟು ಪೂರ್ತಿ ಗುಂಡಿ ತೋಡಿ ಮುಚ್ಚಿದ್ವಿ. ದನಕ್ಕಾದ್ರೂ ಹಾಕಿ ಅಂತ ಪಕ್ಕದ ಮನೆ ಅಜ್ಜಿ ಅಂದ್ರು, ಕಬ್ಬಿಣ ನುಂಗಿದ್ರೆ ಹಸುಗೂ ಹೊಟ್ಟೆ ಚುಚ್ಚಿ ಪ್ರಾಣಕ್ಕೇ ಬರತ್ತೆ, ಹಾಗಾಗಿ ಅದೂ ಬೇಡ ಅಂದ್ವಿ. ಆಮೇಲೆ ಅದೇ ಸ್ಪ್ಯಾನರ್ ತಂದು ರಾಡಿಗೆ ಹಿಡಿದ್ರೆ ಎರಡು ಬೆರಳಲ್ಲಿ ಬಿಟ್ಕೊಂಡು ಬಂತು.

ಫೋನ್ ಮಾಡಿದ್ರೆ ಏನ್ ಹೇಳಿದ್ರು ಗೊತ್ತಾ, "ನೀವು ಬಿಸಿ ತಾಗಿಸಿದೀರಾ ಮೇಡಂ, ಅದಕ್ಕೆ ವಾರಂಟಿ ಬರಲ್ಲ". ಡ್ರಮ್ ಬಾಯಿಗೆ ಹಾಕ್ಸಿ ಅಂದಿದ್ದು ಯಾರು? ಬಿಲ್ ತೆಗೆದು ನೋಡಿದ್ರೆ ಬರೀ "ಮ್ಯಾಗ್ನೆಟಿಕ್ ಗ್ರಿಲ್, 1 ನಂಬರ್" ಅಂತಿದೆ. ಎನ್ 52 ಇಲ್ಲ, 12000 ಇಲ್ಲ, ಡಿಗ್ರಿ ಇಲ್ಲ. ಬಾಯಲ್ಲಿ ಹೇಳಿದ್ದು ಯಾವುದೂ ಬಿಲ್ಲಲ್ಲಿ ಇಲ್ಲ.

ನಮ್ಮ ಚಿಕ್ಕಪ್ಪನ ಮಗ ಪೀಣ್ಯದಲ್ಲಿ ಮೋಟರ್ ಮಾಡೋ ಕಡೆ ಕೆಲಸ ಮಾಡ್ತಾನೆ, ಹಬ್ಬಕ್ಕೆ ಬರುವಾಗ ಗಾಸ್ ಮೀಟರ್ ತಂದಿದ್ದ. ಮಧ್ಯದ ರಾಡುಗಳಲ್ಲಿ 2000 ಕೂಡ ದಾಟ್ಲಿಲ್ಲ, ಕಾಳು ಅಷ್ಟಾಗಿ ತಾಗದ ಎರಡೂ ಅಂಚಿನ ರಾಡಲ್ಲಿ 7000 ಹತ್ತಿರ ತೋರಿಸ್ತು. ಬಿಸಿಯಿಂದಲೇ ಹೋಗಿರೋದು ಅನ್ನೋಕೆ ಬೇರೆ ಸಾಕ್ಷಿ ಬೇಕಾ. ಡ್ರಮ್ ಬಾಯಲ್ಲಿ ಬೀಳೋ ರಾಗಿಗೆ ಟೆಂಪರೇಚರ್ ಗನ್ ಹಿಡಿದ್ರೆ 130ರ ಮೇಲೆ ಇತ್ತು.

ಅವನು ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಬರೀತೀನಿ. ಈ ರಾಡುಗಳ ಒಳಗಿರೋದು ನಿಯೋಡಿಮಿಯಮ್ ಮ್ಯಾಗ್ನೆಟ್, ಅಂದ್ರೆ ನಿಯೋಡಿಮಿಯಮ್ ಅನ್ನೋ ಲೋಹ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ್ದು, 1980ರ ದಶಕದ ಶುರುವಲ್ಲಿ ಜಪಾನ್ ಅಮೆರಿಕ ಎರಡೂ ಕಡೆ ಬೇರೆ ಬೇರೆಯಾಗಿ ಕಂಡುಹಿಡಿದ್ರಂತೆ. ಈಗ ಮಾರ್ಕೆಟ್ಟಲ್ಲಿ ಸಿಗೋದ್ರಲ್ಲಿ ಇದೇ ಎಲ್ಲಕ್ಕಿಂತ ಜೋರು, ಆದ್ರೆ ಬಿಸಿ ತಡೆಯೋದ್ರಲ್ಲಿ ಎಲ್ಲಕ್ಕಿಂತ ಪುಕ್ಕಲು. ಎನ್ 35, ಎನ್ 42, ಎನ್ 52 ಅನ್ನೋ ನಂಬರ್ ಅದ್ರ ಶಕ್ತಿ ಎಷ್ಟು ಅಂತ ಮಾತ್ರ ಹೇಳತ್ತೆ. ಎಷ್ಟು ಬಿಸಿ ತಡೆಯತ್ತೆ ಅನ್ನೋದು ನಂಬರ್ ಆದ್ಮೇಲೆ ಬರೋ ಅಕ್ಷರದಲ್ಲಿರತ್ತೆ. ಅಕ್ಷರ ಇಲ್ಲ ಅಂದ್ರೆ 80 ಡಿಗ್ರಿ, ಎಂ ಇದ್ರೆ 100, ಎಚ್ 120, ಎಸ್‌ಎಚ್ 150, ಯುಎಚ್ 180, ಇಎಚ್ 200. ಎನ್ 52ಗೆ ಕೆಲವು ಕಂಪನಿಗಳು 80 ಅಂತ ಕೂಡ ಬರೆಯಲ್ಲ, 60-65 ಅಂತಾನೇ ಹಾಕಿರ್ತಾರೆ. ಅಂದ್ರೆ ನಂಬರ್ ದೊಡ್ಡದು ಅಂತ ಖುಷಿಯಾಗಿ ತಗೊಂಡ್ರೆ ಬಿಸಿ ಜಾಗಕ್ಕೆ ಅದೇ ಮೊದಲು ಸಾಯೋದು. ಇನ್ನೊಂದು ವಿಷಯ ಅವನೇ ಹೇಳಿದ್ದು, ರಾಡ್ ಒಳಗೆ ಮ್ಯಾಗ್ನೆಟ್ ಬಿಲ್ಲೆಗಳನ್ನ ಉತ್ತರಕ್ಕೆ ಉತ್ತರ, ದಕ್ಷಿಣಕ್ಕೆ ದಕ್ಷಿಣ ಎದುರುಬದುರು ಇಟ್ಟು ಮಧ್ಯ ಕಬ್ಬಿಣದ ಬಿಲ್ಲೆ ಕೊಟ್ಟು ಬಲವಂತವಾಗಿ ಜೋಡಿಸಿರ್ತಾರಂತೆ, ಒಂದನ್ನೊಂದು ತಳ್ತಾನೇ ಇರೋದ್ರಿಂದ ಕಂಪನಿ ಹಾಳೆಲಿ ಬರೆದಿರೋ ಡಿಗ್ರಿಗಿಂತ ಮೊದಲೇ ಶಕ್ತಿ ಬಿಡೋಕೆ ಶುರು ಮಾಡ್ತವೆ.

ಆರಿದ ಮೇಲೆ ವಾಪಸ್ ಬರಲ್ವಾ ಅಂತ ಕೇಳ್ದೆ. ಲಿಮಿಟ್ ಒಳಗಿದ್ರೆ ಬರತ್ತೆ, ಒಂದು ಡಿಗ್ರಿಗೆ ಸುಮಾರು 0.12 ಪರ್ಸೆಂಟ್ ಇಳಿದು ತಣ್ಣಗಾದ್ಮೇಲೆ ಮತ್ತೆ ಏರತ್ತೆ. ಲಿಮಿಟ್ ದಾಟ್ತು ಅಂದ್ರೆ ಹೋಗಿದ್ದು ಹೋಯ್ತು, ಫ್ಯಾಕ್ಟರಿಲಿ ದೊಡ್ಡ ಕಾಯಿಲ್ ಒಳಗಿಟ್ಟು ಮತ್ತೆ ಮ್ಯಾಗ್ನೆಟ್ ಮಾಡ್ಬೇಕು, ರಾಡ್ ಬಿಚ್ಚಿ ಅದನ್ನೆಲ್ಲ ಮಾಡ್ಸೋದಕ್ಕಿಂತ ಹೊಸದು ತಗೊಳ್ಳೋದೇ ಮೇಲು. 310 ಡಿಗ್ರಿ ಹತ್ರ ಬಂದ್ರಂತೂ ಪೂರ್ತಿ ಸೊನ್ನೆ. ಕಬ್ಬಿಣ ಕರಗೋದು 1538 ಡಿಗ್ರಿಲಿ, ಆ ಮನುಷ್ಯ ಹೇಳಿದ್ದಕ್ಕೂ ನಿಜಕ್ಕೂ ಎಷ್ಟು ದೂರ ನೋಡಿ.

12000 ಗಾಸ್ ಕಥೆನೂ ಕೇಳಿ. ಮ್ಯಾಗ್ನೆಟ್ ಸಾಮಾನಿನ ಒಳಗಡೆ ಉಳಿಯೋ ಬಲಕ್ಕೆ ಒಂದು ಲೆಕ್ಕ ಇದೆ, ಎನ್ 35ಗೆ ಅದು 12000 ಆಸುಪಾಸು, ಎನ್ 52ಗೆ 14000ದ ಮೇಲೆ. ಅದು ಹೊರಗೆ ರಾಡಿನ ಮೈ ಮೇಲೆ ಸಿಗೋ ಬಲ ಅಲ್ಲ. ಮೈ ಮೇಲೆ 12000 ಅಳತೆಗೆ ಬರೋ ರಾಡು ಇಲ್ಲ ಅಂತಲ್ಲ, ತುಂಬ ಚೆನ್ನಾಗಿ ಮಾಡಿದ ರಾಡಲ್ಲಿ ಅದ್ರ ಹತ್ತಿರ ಬರತ್ತೆ, ಅದ್ರ ರೇಟೇ ಬೇರೆ. ನಮಗೆ ಕೊಟ್ಟಿದ್ದು ಹೊಸದ್ರಲ್ಲೂ ಅಷ್ಟಿರಲಿಲ್ಲ ಅನ್ನೋದು ಅಂಚಿನ ರಾಡಿಂದಾನೇ ಗೊತ್ತಾಯ್ತು. ಒಳಗಿನ ಲೆಕ್ಕವನ್ನ ಹೊರಗಿನದು ಅಂತ ಹೇಳಿ ಮಾರೋದು ಈ ಲೈನಲ್ಲಿ ಮಾಮೂಲಿಯಂತೆ.

ಒಂದು ರಾಡನ್ನ ಬಿಚ್ಚಿ ನೋಡಿದ್ವಿ, ಅವನೇ ಬಿಚ್ಚಿದ್ದು, ನೀವು ಮನೇಲಿ ಮಾಡೋಕೆ ಹೋಗ್ಬೇಡಿ, ಜೋರಿರೋ ಬಿಲ್ಲೆಗಳು ಎಗರಿ ಬಂದು ಬೆರಳು ಸಿಕ್ಕಿಸಿ ಜಜ್ಜಿಬಿಡ್ತವೆ, ಪಿಂಗಾಣಿ ಹಾಗೆ ಚೂರಾಗಿ ಕಣ್ಣಿಗೂ ಹಾರತ್ತೆ, ಎದೇಲಿ ಪೇಸ್‌ಮೇಕರ್ ಇರೋರಂತೂ ಹತ್ರಾನೇ ಬರಬಾರದು. ತುದಿ ವೆಲ್ಡ್ ಮಾಡಿರ್ಲೇ ಇಲ್ಲ, ಗಮ್ ಹಾಕಿ ಮುಚ್ಚಳ ಒತ್ತಿದ್ರು ಅಷ್ಟೇ. ಗ್ರಿಲ್ ತೊಳೆದಾಗ ನೀರು ಒಳಗೆ ಇಳಿದು ತುದಿಯ ಬಿಲ್ಲೆ ನಿಕಲ್ ಸಿಪ್ಪೆ ಬಿಟ್ಟು ಬೂದು ಪುಡಿಯಾಗಿತ್ತು. ನಿಯೋಡಿಮಿಯಮ್‌ಗೆ ತುಕ್ಕು ಅಂದ್ರೆ ಆಗಲ್ಲ, ಮೇಲಿನ ಕೋಟಿಂಗ್ ಹೋದ್ರೆ ಮುಗೀತು. ಆ ಪುಡಿ ಎಲ್ಲಿ ಹಿಟ್ಟಿಗೆ ಹೋಗಿತ್ತೋ ಅಂತ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯತ್ತೆ.

ಹಾಗಾದ್ರೆ ಬಿಸಿ ಜಾಗಕ್ಕೆ ಏನು ಹಾಕೋದು ಅಂದ್ರೆ, ಸ್ಪೀಕರ್ ಹಿಂದೆ ಕಪ್ಪು ಬಳೆ ಥರ ಇರತ್ತಲ್ಲ ಫೆರೈಟ್, ಅದು ಸುಮಾರು 250 ಡಿಗ್ರಿವರೆಗೂ ಕೆಲಸ ಮಾಡತ್ತೆ, ತುಕ್ಕು ಹಿಡಿಯಲ್ಲ, ರೇಟೂ ಕಡಿಮೆ. ಬಲ ಕಡಿಮೆ, ಮೊಳೆ ತಂತಿ ಹಿಡಿಯತ್ತೆ, ನಯ ಪುಡಿ ಅಷ್ಟು ಹಿಡಿಯಲ್ಲ. ಸಮೇರಿಯಂ ಕೋಬಾಲ್ಟ್ ಅಂತ ಇನ್ನೊಂದಿದೆ, ಬಲನೂ ಇದೆ, 250-300 ಡಿಗ್ರಿನೂ ತಡೆಯತ್ತೆ, ಆದ್ರೆ ರೇಟ್ ಕೇಳಿ ನಾವು ಸುಮ್ಮನಾದ್ವಿ. ಆಲ್ನಿಕೋ 500 ಡಿಗ್ರಿನೂ ತಡೆಯತ್ತಂತೆ, ಆದ್ರೆ ಬೇರೆ ಜೋರಿನ ಮ್ಯಾಗ್ನೆಟ್ ಎದುರಿಗೆ ಬಂದ್ರೆ ತನ್ನ ಶಕ್ತಿ ಬೇಗ ಕಳ್ಕೊಳತ್ತೆ, ಗ್ರಿಲ್ಲಿಗೆ ಒಗ್ಗಲ್ಲ.

ನಿಯೋಡಿಮಿಯಮಲ್ಲೇ ಬಿಸಿ ತಡೆಯೋ ಎಸ್‌ಎಚ್, ಯುಎಚ್ ಥರದವಕ್ಕೆ ಸಾಮಾನ್ಯವಾಗಿ ಡಿಸ್ಪ್ರೋಸಿಯಂ ಇಲ್ಲ ಟರ್ಬಿಯಂ ಸ್ವಲ್ಪ ಬೆರೆಸ್ತಾರೆ. 2025ರ ಏಪ್ರಿಲಲ್ಲಿ ಚೈನಾದವರು ಲೈಸೆನ್ಸ್ ಇಲ್ದೆ ಹೊರಗೆ ಕಳಿಸಬಾರದು ಅಂತ ಮಾಡಿದ್ದು ಇವೆರಡೂ ಸೇರಿದ ಏಳು ಲೋಹಕ್ಕೆ. ನಮ್ಮ ದೇಶದ ಎಲೆಕ್ಟ್ರಿಕ್ ಗಾಡಿ ಕಂಪನಿಗಳೇ ಮ್ಯಾಗ್ನೆಟ್ ಇಲ್ಲ ಅಂತ ಒದ್ದಾಡಿದ್ವು. ಹಾಗಾಗಿ ಒಳ್ಳೆ ಅಕ್ಷರದ್ದು ಅಂತ ಹೇಳಿ ಕಡಿಮೆ ರೇಟಿಗೆ ಕೊಡೋರು ಸಿಕ್ಕಿದ್ರೆ ಒಂದಲ್ಲ ನಾಲ್ಕು ಸಲ ಕೇಳಿ, ಟೆಸ್ಟ್ ಸರ್ಟಿಫಿಕೇಟ್ ಇಲ್ದೆ ಅಡ್ವಾನ್ಸ್ ಕೊಡ್ಬೇಡಿ.

ಗಾಸ್ ಮೀಟರ್ ಎಲ್ರ ಹತ್ರ ಇರಲ್ಲ. ನಾವೀಗ ಮಾಡೋದು ಇಷ್ಟೇ, ಲಗೇಜ್ ತೂಗೋ ಕೊಕ್ಕೆ ತೂಕದ ಮಷೀನಿಗೆ ಒಂದು ಕಬ್ಬಿಣದ ಗುಂಡು ಕಟ್ಟಿ, ರಾಡ್ ಮೇಲೆ ಪೇಂಟಲ್ಲಿ ಗುರುತು ಹಾಕಿರೋ ಜಾಗಕ್ಕೇ ಅಂಟಿಸಿ ನೇರ ಮೇಲಕ್ಕೆ ಎಳೆಯೋದು, ಎಷ್ಟು ಕೆಜಿಗೆ ಬಿಟ್ಕೊಳತ್ತೆ ಅಂತ ಹೊಸದಿದ್ದಾಗಲೇ ಗೋಡೆ ಮೇಲೆ ಬರೆದಿಟ್ಟಿದೀವಿ, ತಿಂಗಳಿಗೊಂದು ಸಲ ಅದೇ ಗುಂಡು ಅದೇ ಜಾಗ. ಇಳಿದ್ರೆ ಅವತ್ತೇ ಗೊತ್ತಾಗತ್ತೆ. ಇನ್ನೊಂದು, 304 ಅನ್ನೋ ಸ್ಟೇನ್ಲೆಸ್ ಸ್ಟೀಲಿನ ಸ್ಕ್ರೂ ಬಿದ್ರೆ ಎಂಥ ಮ್ಯಾಗ್ನೆಟ್ಟೂ ಸರಿಯಾಗಿ ಹಿಡಿಯಲ್ಲ, ಮಷೀನಿನ ಬೋಲ್ಟುಗಳನ್ನ ಬೇರೆಯಾಗೇ ಎಣಿಸ್ಕೋಬೇಕು.

ಅಂದಹಾಗೆ ಅದೇ ವ್ಯಕ್ತಿ ಈಗ ಬೋರ್‌ವೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರೆ ಗಡಸು ನೀರು ಸಿಹಿನೀರಾಗತ್ತೆ ಅಂತ ಸ್ಟೇಟಸ್ ಹಾಕ್ತಾ ಇದಾರೆ. ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಹೊರಗೆ ಹಾಕೋ ಕೆಲಸ ಮ್ಯಾಗ್ನೆಟ್ ಮಾಡಲ್ಲ, ಅಷ್ಟು ಹೇಳಿ ಬಿಡ್ತೀನಿ.

ನಾವು ಆಮೇಲೆ ಡ್ರಮ್ ಬಾಯಿಗೆ ಫೆರೈಟ್ ಪ್ಲೇಟ್ ಹಾಕಿಸಿ, ನಿಯೋಡಿಮಿಯಮ್ ಗ್ರಿಲ್ಲನ್ನ ತಟ್ಟೆಲಿ ಆರಿದ ಮೇಲೆ ಪಲ್ವರೈಸರ್ ಹಾಪರ್‌ಗೆ ಬೀಳೋ ಜಾಗಕ್ಕೆ ಹಾಕ್ಸಿದ್ವಿ. ಹೊಸದಕ್ಕೆ ಹುಡುಕುವಾಗ ಯಾವ ಅಕ್ಷರದ ಗ್ರೇಡು ಅಂತ ಕೇಳಿದ್ರೆ ಕೆಲವರು ಫೋನೇ ಇಟ್ಬಿಟ್ರು, ಒಬ್ಬರು ಮಾತ್ರ ನಾನು ಕೇಳೋಕೆ ಮುಂಚೆನೇ "ಕಾಳು ಎಷ್ಟು ಡಿಗ್ರಿ ಇರತ್ತಮ್ಮ, ನೀರಲ್ಲಿ ತೊಳೀತೀರಾ ಬಟ್ಟೇಲಿ ಒರೆಸ್ತೀರಾ" ಅಂತ ಕೇಳಿದ್ರು, ಅವರ ಹತ್ರಾನೇ ತಗೊಂಡ್ವಿ, ಎಚ್ ಗ್ರೇಡು, ಎರಡೂ ತುದಿ ವೆಲ್ಡ್ ಮಾಡಿದ ರಾಡು, ರಾಡಿನ ಮೈ ಮೇಲೆ 9000 ಗಾಸ್ ಅಂತ ಬಿಲ್ಲಲ್ಲೇ ಬರೆಸಿ.