ವಿಆರ್‌ಗೆ ಕೇಬಲ್ಲೋ, ವೈಫೈಯೋ, ಎರಡೂ ಬೇಡವೋ?

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡು ಆಟದೊಳಗೇ ಇದ್ದಂತೆ ಆಡುವ ಸಾಧನ, ತಗೊಳ್ತೀನಿ ಅನ್ನುವವರು ಮೊದಲು ಕೇಳುವುದು, ‘ನೆಟ್ ಸ್ಪೀಡ್ ಎಷ್ಟಿರಬೇಕು?’ ಮನೆಯ ಪಿಸಿಯಲ್ಲಿ ಓಡುವ ಆಟಗಳಿಗೆ ಅದು ಬೇಡದ ಚಿಂತೆ. ಚಿತ್ರ ಹೋಗುವುದು ಪಿಸಿಯಿಂದ ಹೆಡ್‌ಸೆಟ್‌ಗೆ, ಮನೆಯೊಳಗೇ. ಅಷ್ಟು ದೂರ ಅದು ಹೇಗೆ ಬರುತ್ತದೆ ಅನ್ನುವುದೇ ಮುಖ್ಯ.

ನನ್ನದು ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್. ಪಿಸಿ ಇಲ್ಲದೆ ತಾನೇ ಆಟ ಓಡಿಸಬಲ್ಲದು. ಪಿಸಿಯಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಚಿಕ್ಕಮಗಳೂರಿನ ಮನೆಯಲ್ಲಿ ಕೇಬಲ್, ವೈಫೈ ಎರಡನ್ನೂ ನೋಡಿದೆ. ಆಲ್ದೂರಿನ ಹತ್ತಿರದ ತೋಟದ ಮನೆಗೆ ಹೆಡ್‌ಸೆಟ್ ಒಂದನ್ನೇ ಒಯ್ದೆ.

ಕೇಬಲ್ ನಂಬಿಕಸ್ತ. ಯುಎಸ್‌ಬಿ 3 ಪೋರ್ಟ್‌ಗೆ ಸಿಕ್ಕಿಸಿದರೆ ಚಿತ್ರ ತಡವರಿಸುವುದಿಲ್ಲ. ಹಾಗಂತ ಅದು ಮಾನಿಟರ್ ಕೇಬಲ್ ಥರ ಅಲ್ಲ. ಇಲ್ಲೂ ಪಿಸಿ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಹೆಡ್‌ಸೆಟ್ ಬಿಡಿಸಿಕೊಳ್ಳುತ್ತದೆ. ಚಾರ್ಜ್ ಕೂಡ ಆಗುತ್ತದೆ, ಆದರೆ ಆಡುವಾಗ ಖರ್ಚಾಗುವಷ್ಟು ತುಂಬುವುದಿಲ್ಲ. ಕೂತು ಆಡುವ ಕಾರ್ ರೇಸ್‌ಗೆ ಇದೇ ಸಾಕು. ನಿಂತು ತಿರುಗುವ ಆಟದಲ್ಲಿ ಮಾತ್ರ ಕಾಲಿಗೆ ಸುತ್ತಿಕೊಳ್ಳುತ್ತದೆ.

ವೈಫೈ ಸರಿಯಾಗಿ ಕೂತರೆ ನನಗೆ ಇದೇ ಇಷ್ಟ. ಆದರೆ ಅದನ್ನು ಸರಿಯಾಗಿ ಕೂರಿಸುವುದೇ ಕೆಲಸ. 90 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರ ಬರುವಾಗ, ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ಸಿನಿಮಾ ನೋಡುವಾಗ ಗೊತ್ತೇ ಆಗದ ಸಣ್ಣ ತಡೆ ಇಲ್ಲಿ ತಲೆ ಸುತ್ತಿಸುತ್ತದೆ. ನೆಟ್ ಕಂಪನಿಯವರು ಹಾಲ್‌ನಲ್ಲಿ ಕೂರಿಸಿಹೋದ ರೂಟರ್‌ನಲ್ಲಿ ಆಡಲೇ ಆಗಲಿಲ್ಲ. ನಮ್ಮದು ಹಳೇ ಹೆಂಚಿನ ಮನೆ, ಗೋಡೆ ದಪ್ಪ. 5 ಗಿಗಾಹರ್ಟ್ಜ್ ಸಿಗ್ನಲ್ ಅದನ್ನು ದಾಟುವಷ್ಟರಲ್ಲಿ ಸೋತಿರುತ್ತದೆ. 2.4ಕ್ಕೆ ಇಳಿಸಿದರೆ ಗೋಡೆ ದಾಟುತ್ತದೆ, ಚಿತ್ರ ಮಸುಕಾಗಿ ಎಳೆದಾಡುತ್ತದೆ. ಆಡುವ ಕೋಣೆಯಲ್ಲೇ ಇನ್ನೊಂದು ವೈಫೈ 6 ರೂಟರ್ ಇಟ್ಟು, ಪಿಸಿಯಿಂದ ಅದಕ್ಕೆ ಲ್ಯಾನ್ ವೈರ್ ಎಳೆದ ಮೇಲೆ ಕೇಬಲ್ ನೆನಪೇ ಬರಲಿಲ್ಲ. ಪಿಸಿಯೂ ವೈಫೈನಲ್ಲೇ ಇದ್ದರೆ ಒಂದೇ ಚಿತ್ರ ಗಾಳಿಯಲ್ಲಿ ಎರಡು ಸಲ ಓಡಾಡಬೇಕು. ಅದಕ್ಕೇ ಈ ವೈರ್ ಬಿಡಬೇಡಿ.

ಪಿಸಿ ಇಲ್ಲದೆ ಆಡುವುದು ಸುಲಭ. ಚಿತ್ರ ಪಿಸಿಯಷ್ಟು ಚೆನ್ನಾಗಿಲ್ಲ, ಬ್ಯಾಟರಿ ಎರಡು ಗಂಟೆಯ ಆಸುಪಾಸು. ಆದರೆ ಮಳೆಗಾಲದಲ್ಲಿ ತೋಟದ ಕಡೆ ಕರೆಂಟ್ ಹೋದರೂ ಆಟ ನಿಲ್ಲುವುದಿಲ್ಲ. ಇಲ್ಲಿ ನೆಟ್ ಸ್ಪೀಡ್ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಡೌನ್‌ಲೋಡ್‌ಗೆ. ಆಟಗಳು ಹಲವು ಜಿಬಿ ಇರುತ್ತವೆ. ಪೇಟೆಯಲ್ಲೇ ಇಳಿಸಿಕೊಂಡು ಹೊರಡಿ.