ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರು: ಬಾಟಲಿ ಫೀಡರ್ ಮೇಲೋ, ತಟ್ಟೆ ಫೀಡರ್ ಮೇಲೋ?

ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗೆ ಕುಡಿಯಲು ಸಕ್ಕರೆ ನೀರು ಇಡುವ ಪಾತ್ರೆಯೇ ಫೀಡರ್. ತಲೆಕೆಳಗಾಗಿ ನೇತುಹಾಕುವ ಬಾಟಲಿ ಫೀಡರ್, ಮುಚ್ಚಳವಿರುವ ಚಪ್ಪಟೆ ತಟ್ಟೆಯ ಫೀಡರ್, ಕಿಟಕಿಯ ಗಾಜಿಗೆ ಅಂಟಿಸುವ ಪುಟ್ಟ ಫೀಡರ್ ಮತ್ತು ಹೂಕುಂಡಗಳು, ಈ ನಾಲ್ಕನ್ನೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಹೋಸೆಯ ನಮ್ಮ ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಬಳಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಕೊನೆಯವರೆಗೆ ಕಾಯಿಸುವುದು ಬೇಡ: ನನ್ನ ಮಟ್ಟಿಗೆ ತಟ್ಟೆ ಫೀಡರ್ ಉಳಿದೆಲ್ಲಕ್ಕಿಂತ ಮೇಲು, ಮತ್ತು ಅಂಗಡಿಗಳಲ್ಲಿ ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಆಕರ್ಷಕವಾಗಿ ಜೋಡಿಸಿಟ್ಟಿರುವ ಬಣ್ಣದ ಗಾಜಿನ ಬಾಟಲಿ ಫೀಡರನ್ನು ನಮ್ಮಂತಹ ಸಣ್ಣ ಹಿತ್ತಿಲಿನವರು ಕೊಳ್ಳಬೇಕಾದ ಕಾರಣವೇ ಇಲ್ಲ.

ನಮ್ಮಲ್ಲಿಗೆ ಬರುವ ಅತಿಥಿ ಯಾರು ಎಂಬುದು ಈ ತೀರ್ಮಾನಕ್ಕೆ ಮುಖ್ಯ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಕ್ಕಿಗಳು. ಊರಿನಲ್ಲಿ ದಾಸವಾಳದ ಮೇಲೆ ಕುಳಿತು ಮಕರಂದ ಹೀರುವ ಸೂರಕ್ಕಿಗೂ ಇವಕ್ಕೂ ನೆಂಟಸ್ತಿಕೆಯಿಲ್ಲ. ಸುಮಾರು 350ಕ್ಕೂ ಹೆಚ್ಚು ಜಾತಿಗಳಲ್ಲಿ ನಮ್ಮ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ, ವರ್ಷವಿಡೀ ಕಾಣುವುದು ಆನ್ನಾಸ್ ಹಮ್ಮಿಂಗ್‌ಬರ್ಡ್. ವಸಂತದಲ್ಲಿ ಕೆಲವು ವಾರ ಅಲಾಸ್ಕಾದ ಕಡೆಗೆ ಹೊರಟ ರೂಫಸ್ ಹಮ್ಮಿಂಗ್‌ಬರ್ಡ್‌ಗಳೂ ಇಣುಕಿ ಹೋಗುತ್ತವೆ. ಆನ್ನಾಸ್ ಹಕ್ಕಿಯ ತೂಕ ಸಾಮಾನ್ಯವಾಗಿ ನಾಲ್ಕು ಗ್ರಾಮಿನ ಆಸುಪಾಸು. ಅದು ದಿನವೊಂದಕ್ಕೆ ತನ್ನ ತೂಕದ ಎರಡರಷ್ಟು ಸಕ್ಕರೆ ನೀರು ಕುಡಿಯುತ್ತದೆಂದೇ ಇಟ್ಟುಕೊಂಡರೂ ಎಂಟು ಮಿಲಿಲೀಟರ್ ಆಯಿತು. ಐದು ಹಕ್ಕಿಗಳು ಬಂದರೆ ನಲವತ್ತು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ಬಾಟಲಿ ಫೀಡರಿನ ಮೇಲೆ ನನಗಿರುವ ಸಿಟ್ಟೆಲ್ಲವೂ ಇದರ ಸುತ್ತಲೇ ಇದೆ.

ನಾನು ಮೊದಲು ಕೊಂಡದ್ದು ಸುಮಾರು 900 ಮಿಲಿಲೀಟರ್ ಹಿಡಿಯುವ ಕೆಂಪು ಗಾಜಿನ ಬಾಟಲಿ. ಬಾಟಲಿಯನ್ನು ತುಂಬಿಸಿ, ಕೆಳಗೆ ತೂತುಗಳಿರುವ ಬುಡವನ್ನು ತಿರುಪಿ, ಬೋರಲು ಹಾಕಿ ತೂಗುಬಿಡಬೇಕು. ಬೋರಲು ಹಾಕಿದ ಬಾಟಲಿಯಿಂದ ನೀರು ಏಕೆ ಸುರಿದುಹೋಗುವುದಿಲ್ಲವೆಂದರೆ, ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆಯಿದ್ದು, ಹೊರಗಿನ ಗಾಳಿಯೇ ನೀರನ್ನು ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ. ಬೆಳಗಿನ ತಂಪಿನಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಹಿತ್ತಿಲು ಪಶ್ಚಿಮಕ್ಕಿದೆ. ಮಧ್ಯಾಹ್ನದ ಬಿಸಿಲು ಬಾಟಲಿಯ ಮೇಲೆ ಬಿದ್ದೊಡನೆ ಒಳಗಿನ ಗಾಳಿ ಹಿಗ್ಗಿ, ಸಕ್ಕರೆ ನೀರನ್ನು ತೂತುಗಳಿಂದ ಹೊರಕ್ಕೆ ತಳ್ಳಲು ತೊಡಗುತ್ತದೆ. ಹದಿನೈದು ಡಿಗ್ರಿಯಲ್ಲಿದ್ದ ಗಾಳಿ ಮೂವತ್ತೈದು ಡಿಗ್ರಿಗೆ ಕಾದರೆ ನೂರಕ್ಕೆ ಏಳರಷ್ಟು ಹಿಗ್ಗುತ್ತದೆ. ಬಾಟಲಿಯಲ್ಲಿ 700 ಮಿಲಿಲೀಟರ್ ಗಾಳಿ ಇದ್ದರೆ ಹೆಚ್ಚುಕಡಿಮೆ ಐವತ್ತು ಮಿಲಿಲೀಟರ್ ನೀರು ನೆಲದ ಪಾಲು, ಅಂದರೆ ಐದು ಹಕ್ಕಿಗಳು ಇಡೀ ದಿನ ಕುಡಿಯುವುದಕ್ಕಿಂತಲೂ ಹೆಚ್ಚು.

ಬಾಟಲಿಯಲ್ಲಿ ಗಾಳಿ ಕಡಿಮೆಯಿದ್ದರೆ ಸೋರಿಕೆಯೂ ಕಡಿಮೆಯಾಗಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಬಾಟಲಿಯನ್ನು ಕತ್ತಿನವರೆಗೆ ತುಂಬಿಸಿದರೆ ಮೊದಲ ದಿನ ಅಷ್ಟಾಗಿ ತೊಟ್ಟಿಕ್ಕುವುದಿಲ್ಲ. ಆದರೆ ಬೇಸಗೆಯಲ್ಲಿ ಸಕ್ಕರೆ ನೀರು ಎರಡು ಮೂರು ದಿನಗಳಲ್ಲಿ ಮೋಡದಂತೆ ಕದಡಿ ಹುಳಿಯಾಗುತ್ತದೆ, ಆಮೇಲೆ ಅದನ್ನು ಹಕ್ಕಿಗೆ ಕೊಡುವಂತಿಲ್ಲ. ಮೂರು ದಿನಕ್ಕೆ ನಮ್ಮ ಹಕ್ಕಿಗಳು ಕುಡಿಯುವುದು ನೂರ ಇಪ್ಪತ್ತು ಮಿಲಿಲೀಟರ್. ಉಳಿದ ಮುಕ್ಕಾಲು ಲೀಟರನ್ನು ಸಿಂಕಿಗೆ ಸುರಿಯಬೇಕು. ಹಾಗೆಂದು ಬೇಕಾದಷ್ಟೇ, ತಳದಲ್ಲಿ ಸ್ವಲ್ಪ ಮಾತ್ರ ತುಂಬಿಸಿದರೆ ಬಾಟಲಿಯ ಬಹುಪಾಲು ಗಾಳಿಯೇ ಆಗಿ ಸೋರಿಕೆ ಹೆಚ್ಚುತ್ತದೆ. ಪೂರ್ತಿ ತುಂಬಿಸಿದರೆ ಕೊಳೆಯುತ್ತದೆ, ಅರ್ಧ ತುಂಬಿಸಿದರೆ ಸೋರುತ್ತದೆ. ಬುಡದ ತಿರುಪನ್ನು ಬಿಗಿ ಮಾಡಿದರೂ, ರಬ್ಬರ್ ಉಂಗುರ ಬದಲಿಸಿದರೂ ಈ ತೊಡಕು ಬಗೆಹರಿಯುವುದಿಲ್ಲ, ಏಕೆಂದರೆ ಇದು ತಯಾರಿಕೆಯ ದೋಷವಲ್ಲ, ಆ ವಿನ್ಯಾಸದ ಸ್ವಭಾವ. ಅಂಗಡಿಯವರು ಬದಲಿಸಿ ಕೊಟ್ಟ ಇನ್ನೊಂದು ಬಾಟಲಿಯೂ ಹಾಗೆಯೇ ಸೋರಿದಾಗ ನನಗೆ ಇದು ಮನದಟ್ಟಾಯಿತು.

ಸೋರಿದ ನೀರು ಕೇವಲ ನಷ್ಟವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿರುವ ಅರ್ಜೆಂಟೀನಾ ಇರುವೆಗಳನ್ನು ಬಲ್ಲವರಿಗೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ನೆಲದ ಮೇಲೆ ಬಿದ್ದ ಹನಿಯಿಂದ ಹೊರಟ ಸಾಲು ಗೋಡೆ ಹತ್ತಿ, ಸೂರಿನ ಅಂಚಿನ ಕೊಕ್ಕೆಯಿಂದ ತಂತಿಗೆ ಇಳಿದು, ತೂತುಗಳ ಮೂಲಕ ಫೀಡರಿನೊಳಗೆ ನುಗ್ಗಿ ಅಲ್ಲೇ ಮುಳುಗಿ ಸಾಯುತ್ತದೆ. ಸತ್ತ ಇರುವೆಗಳು ತೇಲುವ ನೀರನ್ನು ಹಕ್ಕಿ ಮುಟ್ಟುವುದಿಲ್ಲ. ಬುಡಕ್ಕೆ ಅಂಟಿದ ಸಿಹಿಗೆ ಕಣಜಗಳು ಮುತ್ತುತ್ತವೆ, ಅವಿದ್ದಲ್ಲಿಗೆ ಹಕ್ಕಿ ಬರುವುದಿಲ್ಲ. ತಂತಿಗೆ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿ ಎಂದು ಸಲಹೆ ಕೊಡುವವರಿದ್ದಾರೆ. ಅದು ರೆಕ್ಕೆಗೆ ಮೆತ್ತಿಕೊಂಡರೆ ಆ ಸಣ್ಣ ಹಕ್ಕಿಗೆ ತೊಳೆದುಕೊಳ್ಳಲು ಸಾಧ್ಯವಿಲ್ಲ. ಊರಿನಲ್ಲಿ ಬಳಸುವ ಇರುವೆ ಚಾಕ್‌ಪೀಸಿನಲ್ಲಿ ಇರುವುದು ಕೀಟನಾಶಕ, ಅದರ ಮಾತು ಇಲ್ಲಿ ಬೇಡವೇ ಬೇಡ. ಇರುವೆಗೆ ನಿಜವಾದ ಮದ್ದು ನೀರೇ. ಕೊಕ್ಕೆಗೂ ಫೀಡರಿಗೂ ನಡುವೆ ನೀರು ತುಂಬಿದ ಪುಟ್ಟ ಬಟ್ಟಲೊಂದನ್ನು ಸಿಕ್ಕಿಸಿದರೆ ಇರುವೆಗಳು ಅದನ್ನು ದಾಟಲಾರವು. ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯ ನಡುವೆ ಇಡುವ ನಮ್ಮ ಅಮ್ಮಂದಿರ ಉಪಾಯವೇ ಇದು. ಬಾಟಲಿ ಫೀಡರಿಗೆ ಇದನ್ನು ಬೇರೆಯಾಗಿ ಕೊಳ್ಳಬೇಕಾಯಿತು.

ತಟ್ಟೆ ಫೀಡರಿನಲ್ಲಿ ಇರುವೆ ತಡೆಯುವ ಈ ನೀರಿನ ಬಟ್ಟಲು, ಅಂದರೆ ಕಂದಕ, ಸಾಮಾನ್ಯವಾಗಿ ನಡುವಿನಲ್ಲಿಯೇ ಇರುತ್ತದೆ, ತೂಗುವ ಸರಳು ಅದರ ಮಧ್ಯದಿಂದ ಮೇಲೇಳುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಇಲ್ಲಿ ಗಾಳಿಯ ಒತ್ತಡದ ಆಟವೇ ಇಲ್ಲ. ನೀರು ಕೆಳಗೆ ತಟ್ಟೆಯಲ್ಲಿ ಸುಮ್ಮನೆ ನಿಂತಿರುತ್ತದೆ, ತೂತುಗಳು ಮೇಲಿನ ಮುಚ್ಚಳದಲ್ಲಿರುತ್ತವೆ, ಬಿಸಿಲು ಎಷ್ಟೇ ಇದ್ದರೂ ಸೋರಲು ದಾರಿಯಿಲ್ಲ. ಹಾಗಾಗಿ ಬೇಕಾದಷ್ಟೇ, ನೂರು ನೂರೈವತ್ತು ಮಿಲಿಲೀಟರ್ ಸುರಿದು, ಮೂರನೆಯ ದಿನ ಉಳಿದ ಒಂದೆರಡು ಚಮಚವನ್ನು ಚೆಲ್ಲಿ ತೊಳೆದಿಟ್ಟರೆ ಮುಗಿಯಿತು. ನೀರಿನ ಮಟ್ಟ ತೂತಿನಿಂದ ಒಂದು ಸೆಂಟಿಮೀಟರಿನಷ್ಟು ಕೆಳಗಿದ್ದರೆ ಜೇನ್ನೊಣದ ನಾಲಿಗೆಗೆ ಅದು ಎಟುಕುವುದಿಲ್ಲ. ಕೊಕ್ಕಿನ ತುದಿಯಿಂದಾಚೆಗೂ ನಾಲಿಗೆ ಚಾಚಿ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ನೆಕ್ಕುವ ಹಮ್ಮಿಂಗ್‌ಬರ್ಡಿಗೆ ಸಲೀಸಾಗಿ ಎಟುಕುತ್ತದೆ. ಅಂದರೆ ಬಾಟಲಿಯಲ್ಲಿ ಕಡಿಮೆ ತುಂಬಿಸುವುದು ದೋಷವಾಗಿದ್ದರೆ, ಇಲ್ಲಿ ಅದೇ ಲಾಭ.

ತೊಳೆಯುವ ವಿಷಯದಲ್ಲಿ ಹೋಲಿಕೆಯೇ ಸಲ್ಲದು. ತಟ್ಟೆ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಕೈ ಎಲ್ಲ ಮೂಲೆಗೂ ಹೋಗುತ್ತದೆ. ಬಾಟಲಿಗೆ ಉದ್ದನೆಯ ಬ್ರಷ್ ಬೇಕು, ಅದರ ತೂತುಗಳಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಹೂವುಗಳ ಹಿಂದೆ ಕಪ್ಪು ಬೂಷ್ಟು ಬೆಳೆದು ಕೂರುತ್ತದೆ, ಮತ್ತು ಆ ಹೂವುಗಳು ಹಳದಿಯಾಗಿದ್ದರೆ ಕಣಜಗಳಿಗೆ ಕರೆಯೋಲೆ ಕೊಟ್ಟಂತೆ. ಬಿಸಿ ನೀರು, ಸ್ವಲ್ಪ ಬಿಳಿ ವಿನೆಗರ್, ಆಮೇಲೆ ಚೆನ್ನಾಗಿ ಜಾಲಿಸುವುದು, ಇಷ್ಟು ಸಾಕು.

ತಟ್ಟೆ ಫೀಡರಿನಲ್ಲಿ ಕುಂದಿಲ್ಲವೆಂದಲ್ಲ. ಜೋರು ಗಾಳಿಗೆ ತೂಗಾಡಿದರೆ ತುಳುಕುತ್ತದೆ, ಆದ್ದರಿಂದ ತಂತಿ ಗಿಡ್ಡವಾಗಿರಬೇಕು. ಕಂದಕದ ನೀರು ಬೇಸಗೆಯಲ್ಲಿ ಒಂದೇ ದಿನಕ್ಕೆ ಆರಿಹೋಗುತ್ತದೆ. ನೋಡಲು ಅದು ಅಂಥ ಸುಂದರ ವಸ್ತುವೂ ಅಲ್ಲ. ಕೆಂಪು ಮುಚ್ಚಳದ ತಿಂಡಿ ಡಬ್ಬಿ ಎಂದು ಮಗಳು ಹಾಸ್ಯ ಮಾಡುತ್ತಾಳೆ.

ಕಿಟಕಿಗೆ ಅಂಟಿಸುವ ಫೀಡರ್ ಮಕ್ಕಳಿರುವ ಮನೆಗೆ ಸೊಗಸು, ಗಂಡು ಹಕ್ಕಿಯ ಕತ್ತಿನ ಗುಲಾಬಿ ಮಿಂಚನ್ನು ಅಷ್ಟು ಹತ್ತಿರದಿಂದ ಬೇರೆಲ್ಲೂ ನೋಡಲಾಗದು. ಆದರೆ ಅದರ ರಬ್ಬರ್ ಹೀರುಬಟ್ಟಲು ಬಿಸಿಲಿಗೆ ಸಡಿಲವಾಗಿ ಫೀಡರ್ ಕೆಳಗೆ ಬಿದ್ದು ಒಡೆಯಿತು. ಇನ್ನೊಂದನ್ನು ಕೊಳ್ಳಲಿಲ್ಲ.

ಒಳಗೆ ಹಾಕುವ ನೀರಿನ ವಿಷಯದಲ್ಲಿ ಹೋಲಿಸಲು ಹೆಚ್ಚೇನೂ ಇಲ್ಲ. ಒಂದು ಕಪ್ ಬಿಳಿ ಸಕ್ಕರೆ, ನಾಲ್ಕು ಕಪ್ ನೀರು. ಇದು ಹಕ್ಕಿಗಳು ಇಷ್ಟಪಡುವ ಹೂಗಳ ಮಕರಂದದ ಸಿಹಿಗೆ ಹತ್ತಿರದ್ದು. ಹಾಸನದಿಂದ ಬಂದಿದ್ದ ಅತ್ತೆಯವರು, ಬಿಳಿ ಸಕ್ಕರೆ ಒಳ್ಳೆಯದಲ್ಲವಲ್ಲ, ಬೆಲ್ಲದ ಪಾನಕವನ್ನೋ ಜೇನುತುಪ್ಪವನ್ನೋ ಇಡಬಾರದೇ ಎಂದು ಕೇಳಿದರು. ಮನುಷ್ಯರ ಮಟ್ಟಿಗೆ ಅವರ ಮಾತು ಸರಿಯಿರಬಹುದು. ಬೆಲ್ಲದಲ್ಲಿಯೂ ಕಂದು ಸಕ್ಕರೆಯಲ್ಲಿಯೂ ಇರುವ ಕಬ್ಬಿಣದ ಅಂಶ ಹಮ್ಮಿಂಗ್‌ಬರ್ಡ್‌ಗಳಿಗೆ ಹಾನಿಕರ. ನೀರು ಬೆರೆತ ಜೇನು ಬೇಗನೆ ಹುದುಗಿ ಶಿಲೀಂಧ್ರಕ್ಕೆ ಆಸರೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಸಿದ್ಧ ದ್ರಾವಣಕ್ಕೆ ಹಣ ಕೊಡುವುದು ವ್ಯರ್ಥ. ಫೀಡರಿನ ಕೆಂಪು ಮುಚ್ಚಳವೇ ಹಕ್ಕಿಯನ್ನು ಕರೆಯುತ್ತದೆ, ನೀರಿಗೆ ಬಣ್ಣ ಬೇಕಿಲ್ಲ. ಒಮ್ಮೆ ಮಾಡಿಟ್ಟ ಸಕ್ಕರೆ ನೀರು ಫ್ರಿಜ್ಜಿನಲ್ಲಿ ಒಂದು ವಾರ ಕೆಡದೆ ಇರುತ್ತದೆ.

ಹೂಗಿಡಗಳನ್ನು ಫೀಡರಿನ ಪಕ್ಕದಲ್ಲಿ ಪ್ರತಿಸ್ಪರ್ಧಿಯಾಗಿ ನಿಲ್ಲಿಸುವುದು ಒಂದು ರೀತಿಯಲ್ಲಿ ಅನ್ಯಾಯ. ಆನ್ನಾಸ್ ಹಕ್ಕಿ 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಬಾಹಾ ಕ್ಯಾಲಿಫೋರ್ನಿಯಾದ ಆಸುಪಾಸಿನಲ್ಲಿ ಗೂಡು ಕಟ್ಟುತ್ತಿದ್ದದ್ದು, ಇಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗೂ ಹಬ್ಬಿದೆ. ಚಳಿಗಾಲದಲ್ಲಿಯೂ ಹೂ ಬಿಡುವ ನೀಲಗಿರಿಯಂತಹ ಹೊರನಾಡಿನ ಗಿಡಮರಗಳನ್ನು ಜನರು ಊರೂರಿನಲ್ಲಿ ನೆಟ್ಟದ್ದೂ ಮನೆಗಳ ಫೀಡರುಗಳೂ ಅದಕ್ಕೆ ಮುಖ್ಯ ಕಾರಣ. ಗಿಡವಿದ್ದರೆ ಸಣ್ಣ ಹುಳಗಳಿರುತ್ತವೆ, ಹಕ್ಕಿಗೆ ಮತ್ತು ಅದರ ಮರಿಗಳಿಗೆ ಬೇಕಾದ ಪ್ರೋಟೀನ್ ಬರುವುದು ಆ ಹುಳಗಳಿಂದಲೇ ಹೊರತು ಸಕ್ಕರೆ ನೀರಿನಿಂದಲ್ಲ. ನಮ್ಮ ಕುಂಡಗಳಲ್ಲಿ ಸಾಲ್ವಿಯಾ, ಬೇಸಗೆಯ ಕೊನೆಯಲ್ಲಿ ಕೆಂಪಾಗಿ ಅರಳುವ ಕ್ಯಾಲಿಫೋರ್ನಿಯಾ ಫ್ಯೂಷಿಯಾ ಮತ್ತು ಚಳಿಗಾಲದಲ್ಲಿ ಹೂಗೊಂಚಲು ಎತ್ತುವ ಲೋಳೆಸರ ಇವೆ. ಲೋಳೆಸರ ಹೂ ಬಿಟ್ಟಿರುವ ವಾರಗಳಲ್ಲಿ ಹಕ್ಕಿಗಳು ಫೀಡರನ್ನು ಮರೆತೇಬಿಡುತ್ತವೆ, ಅದು ನನಗೆ ಸಂತೋಷವೇ. ಸ್ವಂತ ಮನೆಯೂ ಒಂದಷ್ಟು ಮಣ್ಣೂ ಇದ್ದಿದ್ದರೆ ಹಣವನ್ನೆಲ್ಲ ಗಿಡಗಳಿಗೇ ಹಾಕುತ್ತಿದ್ದೆ. ಬಾಡಿಗೆ ಮನೆಯಲ್ಲಿ ಕುಂಡಗಳಿಗೆ ಮಿತಿಯಿದೆ, ಹೂವಿಲ್ಲದ ತಿಂಗಳುಗಳೂ ಇವೆ.

ಖರ್ಚಿನ ಮಾತು: ಎರಡೂ ಬಗೆಯ ಫೀಡರುಗಳ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಆದರೆ ಬಾಟಲಿಗೆ ಬ್ರಷ್, ಕಂದಕ ಮತ್ತು ಚೆಲ್ಲುವ ಸಕ್ಕರೆ ಸೇರಿದರೆ ಅದು ದುಬಾರಿಯಾಗುತ್ತದೆ. ಬುಧವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯುವಾಗಲೇ ತಟ್ಟೆಯನ್ನೂ ತೊಳೆದುಬಿಡುವುದು ನನ್ನ ರೂಢಿ, ಅದು ಆ ರೂಢಿಗೆ ಹೊಂದುತ್ತದೆ. ತೀರಾ ಸೆಖೆಯ ವಾರಗಳಲ್ಲಿ ಮಾತ್ರ ಶುಕ್ರವಾರವೂ ಒಮ್ಮೆ ಇಳಿಸಬೇಕಾಗುತ್ತದೆ. ಬೆಟ್ಟದ ಸೆರಗಿನಲ್ಲಿ ಮನೆಯಿದ್ದು, ಹಿಂಡುಹಿಂಡಾಗಿ ಹಕ್ಕಿಗಳು ಬಂದು ಒಂದು ಲೀಟರನ್ನು ಎರಡೇ ದಿನದಲ್ಲಿ ಖಾಲಿ ಮಾಡುವವರಿಗೆ, ದಿನವಿಡೀ ನೆರಳಿರುವ ಜಾಗವೂ ಇದ್ದರೆ, ಬಾಟಲಿ ಫೀಡರ್ ಸರಿಹೋಗಬಹುದು.

ಉಳಿದವರು ಒಂದು ದೊಡ್ಡ ಫೀಡರಿಗೆ ಬದಲಾಗಿ ಎರಡು ಸಣ್ಣ ತಟ್ಟೆಗಳನ್ನು ಕೊಳ್ಳುವುದು ಮೇಲು. ಆನ್ನಾಸ್ ಗಂಡು ಮಹಾ ಜಗಳಗಂಟ, ಹತ್ತಿರದ ಕೊಂಬೆಯ ಮೇಲೆ ಕಾವಲು ಕುಳಿತು ಬಂದವರನ್ನೆಲ್ಲ ಅಟ್ಟಿಬಿಡುತ್ತದೆ. ಎರಡನೆಯ ತಟ್ಟೆಯನ್ನು ಮನೆಯ ಮುಂಭಾಗದಲ್ಲಿ, ಮೊದಲನೆಯದು ಕಣ್ಣಿಗೆ ಬೀಳದ ಕಡೆ ತೂಗುಹಾಕಿದರೆ ಹೆಣ್ಣು ಹಕ್ಕಿಗಳೂ ಮರಿಗಳೂ ಅಲ್ಲಿ ಕುಡಿದು ಹೋಗುತ್ತವೆ.