ಡೈ ಸ್ಪ್ರೇನೋ ಯೋಕೋ? ಒಂದ ಜಾಯಿಂಟಿಗೆ ಎರಡೂ ಹಚ್ಚಿ ನೋಡಿದ್ದು

ಹುಬ್ಬಳ್ಳಿ ತಾರಿಹಾಳ ಕಡೆ ಒಂದು ಶೆಡ್ಡಿನ್ಯಾಗ ವೆಲ್ಡಿಂಗ್ ಚೆಕ್ ಮಾಡೋದ ನನ್ನ ಕೆಲಸ. ಟ್ರೇಲರ್ ಚಾಸಿ ವೆಲ್ಡಿನ್ಯಾಗ ಬಿರುಕು ಹುಡುಕಾಕ ಡಿಪಿ ಟೆಸ್ಟ್ (ಬಣ್ಣ ಇಳಿಸಿ ನೋಡೋದು) ಸಾಕೋ ಎಂಪಿಐ (ಯೋಕ್ ಅನ್ನೋ ಎರಡು ಕಾಲಿನ ಕರೆಂಟ್ ಮ್ಯಾಗ್ನೆಟ್ ಇಟ್ಟು, ಕಬ್ಬಿಣದ ಪುಡಿ ಇರೋ ಇಂಕ್ ಹೊಡದು ನೋಡೋದು) ಬೇಕೋ ಅಂತ ಭಾಳ ಮಂದಿ ಕೇಳ್ತಾರ, ಅದಕ್ಕ ಬರಿಯಾಕತ್ತೇನಿ.

ಡಿಪಿ ಅಂದ್ರ ಮೂರು ಡಬ್ಬಿ: ಕ್ಲೀನರ್, ಕೆಂಪು ಪೆನೆಟ್ರಂಟ್, ಬಿಳಿ ಡೆವಲಪರ್. ಕರೆಂಟ್ ಬ್ಯಾಡ, ರೊಕ್ಕಾನೂ ಕಡಿಮಿ, 304 ಸ್ಟೇನ್‌ಲೆಸ್ಸಿಗೂ ನಡೀತೈತಿ, ಅದಕ್ಕ ಮ್ಯಾಗ್ನೆಟ್ ಅಂಟಂಗಿಲ್ಲ, ಅಲ್ಲಿ ಯೋಕ್ ಹಿಡದ್ರ ಏನೂ ಉಪಯೋಗಿಲ್ಲ. ಆದ್ರ ತಾಳ್ಮಿ ಬೇಕ್ರಿ, ಕೆಂಪು ಹೊಡದು ಒಂದು 10 ನಿಮಿಷ, ಒರಸಿ ಬಿಳಿ ಹೊಡದು ಮತ್ತ 10 ನಿಮಿಷ, ಬಿರುಕಿದ್ರ ಬಿಳಿ ಮ್ಯಾಲೆ ಕೆಂಪು ಎದ್ದು ಕಾಣ್ತೈತಿ. ಅರ್ಜೆಂಟಿನ್ಯಾಗ ನಮ್ಮ ಹುಡುಗ್ರು ಕ್ಲೀನರ್ ಸೀದಾ ಜಾಯಿಂಟ್ ಮ್ಯಾಲೇ ಹೊಡದಬಿಡ್ತಾರ, ಬಿರುಕಿನೊಳಗ ಇಳದಿದ್ದ ಬಣ್ಣಾನೂ ತೊಳಕೊಂಡು ಹೋಗ್ತೈತಿ. ಅರಿವಿಗೆ ಹೊಡದು ಒರಸ್ರಿ.

ಹೋದ ತಿಂಗಳ ಒಂದು ಹುಕ್ ಪ್ಲೇಟ್ ಬಂತು, ಎಂಎಸ್ (ಸಾದಾ ಉಕ್ಕು), ಫಿಲೆಟ್ ವೆಲ್ಡು (ಎರಡು ಪ್ಲೇಟ್ ಕೂಡೋ ಮೂಲಿಗೆ ಹಾಕೋದು), ಚಂದ ಕಾಣ್ಲಿ ಅಂತ ವೆಲ್ಡರ್ ಅಂಚಿನ ಮ್ಯಾಲೆ ಗ್ರೈಂಡರ್ ಆಡಿಸಿದ್ದ. ಡಿಪಿ ಮಾಡಿದ್ವಿ, ಬಿಳಿ ಹಂಗ ಬೆಳ್ಳಗ ಉಳೀತು, ಒಂದು ಕೆಂಪು ಚುಕ್ಕಿ ಇಲ್ಲ. ನನಗ್ಯಾಕೋ ಮನಸು ಒಪ್ಪಲಿಲ್ಲ, ಎಲ್ಲಾ ಒರಸಿ ಬಿಳಿ ಕಾಂಟ್ರಾಸ್ಟ್ ಪೇಂಟ್ ಹೊಡದು ಯೋಕ್ ಇಟ್ಟೆ. ಮೊದಲ ಎರಡೂ ಕಾಲು ವೆಲ್ಡಿನ ಉದ್ದಕ್ಕ ಇಟ್ಟು ಕರಿ ಇಂಕ್ ಹೊಡದೆ, ಏನೂ ಇಲ್ಲ. ತಿರುಗಿಸಿ ವೆಲ್ಡಿನ ಆ ಬದಿಗೊಂದು ಈ ಬದಿಗೊಂದು ಕಾಲು ಇಟ್ಟು ಹೊಡದ ಕೂಡ್ಲೆ, ವೆಲ್ಡು ಪ್ಲೇಟು ಕೂಡೋ ಅಂಚಿಗೆ ಕೂದಲಿನಂಥ ಕರಿ ಗೆರಿ ಎದ್ದು ನಿಂತ್ತು, ಅಳದ್ರ 12 ಎಂಎಂ! ಗ್ರೈಂಡಿಂಗಿಗೆ ಕಬ್ಬಿಣ ಸವರಿ ಬಿರುಕಿನ ಬಾಯಿ ಮುಚ್ಚಿತ್ತು, ಬಣ್ಣ ಒಳಗ ಹೋಗೋದರ ಹೆಂಗ? ಮ್ಯಾಗ್ನೆಟಿಗೆ ಬಾಯಿ ತೆರದಿರಬೇಕಂತಿಲ್ಲ, ಬಿರುಕಿಗೆ ಅಡ್ಡ ಹಾಯಬೇಕು ಅಷ್ಟ. ಅದಕ್ಕ ಎರಡೂ ದಿಕ್ಕಿಗೆ ಇಟ್ಟು ನೋಡ್ಲೇಬೇಕು.

ಎಂಎಸ್ ಇದ್ರ ನಾ ಯೋಕ್ ಬಿಟ್ಟು ಬ್ಯಾರೆ ಮಾತಾಡಂಗಿಲ್ಲ. ಎಸಿ ಯೋಕ್ 4.5 ಕೆಜಿ ಎತ್ತತೈತೋ ಇಲ್ಲೋ ಅಂತ ದಿನಾ ಮುಂಜಾನೆ ತೂಕದ ಪ್ಲೇಟ್ ಎತ್ತಿಸಿ ನೋಡ್ತೇನಿ. ಇನ್ನ ದಪ್ಪ ಬಟ್ ಜಾಯಿಂಟಿನ (ಅಂಚಿಗೆ ಅಂಚು ಕೂಡಿಸಿದ್ದು) ಒಳಗ ಫ್ಯೂಜನ್ ಆಗೇತೋ ಇಲ್ಲೋ, ಅಂದ್ರ ಲೋಹ ಕರಗಿ ಕೂಡೇತೋ ಇಲ್ಲೋ ಅನ್ನಾಕ ಇವೆರಡೂ ಬರಂಗಿಲ್ಲ, ಯುಟಿನ, ಅಂದ್ರ ಅಲ್ಟ್ರಾಸೌಂಡ್ ಟೆಸ್ಟನ, ಬೇಕು.

ಆ ಪ್ಲೇಟ್ ಬಿರುಕು ಪೂರಾ ಹೋಗೋತನಕ ಕೊರದು, ಓವನ್ನಿನ್ಯಾಗ ಒಣಗಿಸಿದ 7018 (ಹೈಡ್ರೋಜನ್ ಕಡಿಮಿ ಇರೋ) ರಾಡಿಂದ ಮತ್ತ ವೆಲ್ಡ್ ಮಾಡಿಸಿದೆ. ಹೈಡ್ರೋಜನ್ ಬಿರುಕು ತಡಾ ಮಾಡಿ ಬರ್ತಾವಂತ 48 ತಾಸು ಬಿಟ್ಟು ಮತ್ತ ಯೋಕ್ ಇಟ್ಟೆ. ಗಾಡಿ ಎರಡು ದಿನ ಶೆಡ್ಡಿನ್ಯಾಗ ನಿಂತಿತು, ಮಾಲಕ್ರು ಸಿಟ್ಟಾದ್ರು, ಆದ್ರೂ ಬಿಡಲಿಲ್ಲ.